ಮೂಗಿಗೆ ಇಪ್ಪತ್ತೈದು ಅಂಕ

ಸತೀಶನಿಗೆ ಜ್ವರ ಬಂದದ್ದು ಫೆಬ್ರವರಿಯ ಮೂರನೇ ವಾರ. ನಾಲ್ಕು ದಿನ ಮೈಕೈ ನೋವಿನಲ್ಲಿ ಹೊರಳಾಡಿ, ಐದನೇ ದಿನ ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿತ್ತು. ಹೆಂಡತಿ ರಾಣಿ ಕಾಫಿ ತಂದಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಬ್ಯಾಗು ಹಿಡಿದು ಹೊರಟಳು. ಅವಳು ಕಣಕಟ್ಟೆಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಸತೀಶ ಲೋಟ ಎತ್ತಿ ಒಂದು ಗುಟುಕು ಕುಡಿದ. ಬಿಸಿ ಇತ್ತು, ಕಹಿ ಇತ್ತು, ಒಂದಿಷ್ಟು ಸಿಹಿಯೂ ಇತ್ತು. ಕಾಫಿ ಇರಲಿಲ್ಲ.

ಅಡುಗೆಮನೆಗೆ ಹೋಗಿ ಕಾಫಿಪುಡಿಯ ಡಬ್ಬಿ ಬಿಚ್ಚಿ ಮೂಗು ಇಟ್ಟ. ಏನೂ ಇಲ್ಲ. ಒಂದು ಲವಂಗ ಬಾಯಿಗೆ ಹಾಕಿಕೊಂಡು ಕಡಿದ. ನಾಲಿಗೆ ಚುರುಗುಟ್ಟಿತು, ಅಷ್ಟೇ. ಸ್ನಾನದ ಸೋಪು, ರಾಣಿ ತಲೆಗೆ ಹಚ್ಚುವ ಎಣ್ಣೆ, ಕೊನೆಗೆ ಬಾಗಿಲ ಹಿಂದೆ ನೇತುಹಾಕಿದ್ದ ತನ್ನದೇ ಡ್ಯೂಟಿಯ ಅಂಗಿ. ಎಲ್ಲವೂ ನೀರಿನ ಹಾಗೆ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದು ಸುಮ್ಮನಾಗುತ್ತಿದ್ದರು. ಸತೀಶ ಸುಮ್ಮನಾಗುವ ಹಾಗಿರಲಿಲ್ಲ. ಅವನು ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಗಾರ್ಡು. ಆ ಹುದ್ದೆಗೆ ಈಗ ಟ್ರೈನ್ ಮ್ಯಾನೇಜರ್ ಎಂದು ಹೆಸರು ಬದಲಾಗಿದ್ದರೂ ಊರಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಬ್ರೇಕು ಹಿಡಿದುಕೊಂಡು ಗಾಲಿ ಕಾದರೆ ಗಾರ್ಡಿಗೆ ಮೊದಲು ತಿಳಿಯುವುದು ವಾಸನೆಯಿಂದ. ಇನ್ನೊಂದು ಕಾರಣ, ತಿಂಗಳ ಎರಡನೇ ಭಾನುವಾರ. ಅದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಎಂಟು ವರ್ಷದ ಹಿಂದೆ ಹಿರಿಯ ಗಾರ್ಡೊಬ್ಬರ ನಿವೃತ್ತಿಯ ಊಟದಲ್ಲಿ ಸತೀಶನ ಕೈಗೆ ಒಂದು ಗ್ಲಾಸು ಬಂತು. ಸೋಡಾಕ್ಕೆ ಕೈ ಚಾಚಿದವನನ್ನು ಅವರು ತಡೆದರು. "ಇದು ಸಿಂಗಲ್ ಮಾಲ್ಟು ಕಣಪ್ಪಾ, ಬರೀ ಬಾರ್ಲಿಯಿಂದ ಒಂದೇ ಕಾರ್ಖಾನೇಲಿ ಮಾಡಿದ್ದು. ಮೊದ್ಲು ಮೂಸಿ ನೋಡು" ಎಂದರು. ಸತೀಶ ಮೂಸಿದ. ಹಾರನಹಳ್ಳಿಯ ಮನೆಯಲ್ಲಿ ಅಜ್ಜಿ ಹುರಿಹಿಟ್ಟಿಗೆ ರಾಗಿ ಹುರಿಯುವಾಗ ಬರುತ್ತಿದ್ದ ವಾಸನೆ ಆ ಗ್ಲಾಸಿನಿಂದ ಎದ್ದು ಬಂತು. ಅಲ್ಲಿಯವರೆಗೆ ಅವನು ಎಲ್ಲರ ಹಾಗೆ ಅಪರೂಪಕ್ಕೆ ಕುಡಿದು, ಕುಡಿದದ್ದನ್ನು ಮರೆಯುತ್ತಿದ್ದವನು. ಅಂದಿನಿಂದ ಒಂದು ಉದ್ದನೆಯ ನೋಟ್‌ಬುಕ್ಕು ಶುರುವಾಯಿತು. ಯಾವ ಸ್ಟೇಷನ್ನು ಎಷ್ಟು ಗಂಟೆಗೆ ದಾಟಿತು ಎಂದು ಬರೆದು ಬರೆದು ರೂಢಿಯಾದ ಕೈ, ಯಾವ ವಿಸ್ಕಿಯಲ್ಲಿ ಏನು ಸಿಕ್ಕಿತು ಎಂದು ಬರೆಯತೊಡಗಿತು. ಒಟ್ಟು ನೂರು ಅಂಕ. ವಾಸನೆಗೆ ಇಪ್ಪತ್ತೈದು, ರುಚಿಗೆ ಇಪ್ಪತ್ತೈದು, ನುಂಗಿದ ಮೇಲೆ ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದಕ್ಕೆ ಇಪ್ಪತ್ತೈದು, ಎಲ್ಲ ಸೇರಿ ಬಂದ ಹದಕ್ಕೆ ಇಪ್ಪತ್ತೈದು.

ಮರುವರ್ಷ ರಾಣಿಯ ಶಾಲೆಯ ಮಕ್ಕಳು ಹಳೇಬೀಡಿಗೆ ಪ್ರವಾಸ ಹೋದರು. ದೇವಸ್ಥಾನ ತೋರಿಸಿದ ಗೈಡು ಹೇಮಾಶ್ರೀ. ಬೇಲೂರಿನಲ್ಲಿ ಹುಟ್ಟಿ ಹಳೇಬೀಡಿಗೆ ಸೇರಿದ ಹೆಂಗಸು, ಇಪ್ಪತ್ತು ವರ್ಷದಿಂದ ಎರಡೂ ಊರಿನ ಕಂಬಗಳನ್ನು ಮೂರು ಭಾಷೆಯಲ್ಲಿ ವಿವರಿಸುತ್ತಿದ್ದವಳು. ಊಟದ ಹೊತ್ತಿನಲ್ಲಿ ಅವಳು ನಗುತ್ತಾ, "ಫಾರಿನ್ನಿನವರು ಖುಷಿಯಾದರೆ ಬಾಟಲಿ ಕೊಟ್ಟು ಹೋಗ್ತಾರೆ ಮೇಡಂ. ಏಳು ಬಾಟಲಿ ಸೀರೆ ಕೆಳಗೆ ಮಲಗಿವೆ, ಏನು ಮಾಡಬೇಕೋ ಗೊತ್ತಿಲ್ಲ" ಎಂದಳು. ರಾಣಿ, "ನಮ್ಮನೇಲೊಬ್ಬರು ಬಾಟ್ಲಿ ಮೂಸ್ತಾ ಕೂತಿರ್ತಾರೆ, ಕಳಿಸ್ತೀನಿ ಇರಿ" ಎಂದಳು. ಹಾಗೆ ಎರಡನೇ ಭಾನುವಾರದ ಮಧ್ಯಾಹ್ನಗಳು ಶುರುವಾದವು. ಬಸದಿಹಳ್ಳಿಯ ರಸ್ತೆಯಲ್ಲಿದ್ದ ಹೇಮಾಶ್ರೀಯ ಮನೆಯ ಹಿತ್ತಲ ಜಗಲಿ, ಎದುರಿಗೆ ಕೆರೆ, ಮಧ್ಯೆ ಮುಸುಕಿನ ಜೋಳದ ಹೊಲ. ಒಂದು ಗ್ಲಾಸಿಗೆ ಎರಡೇ ಚಮಚ. ಬಾಟಲಿ ಯಾರಿಗೂ ಕಾಣಬಾರದು. ಹೇಮಾಶ್ರೀ ಒಳಗೆ ಸುರಿದು, ಒಂದು ಎರಡು ಮೂರು ಎಂದು ಚೀಟಿ ಅಂಟಿಸಿ ತರುತ್ತಿದ್ದಳು. ಯಾವ ನಂಬರು ಯಾವುದೆಂದು ಗೊತ್ತಿದ್ದ ಕಾರಣ ಅವಳು ಅಂಕ ಕೊಡುತ್ತಿರಲಿಲ್ಲ, ಅಭಿಪ್ರಾಯ ಮಾತ್ರ ಹೇಳುತ್ತಿದ್ದಳು.

ಮೂರನೆಯವರು ಸಿದ್ದಬಸಪ್ಪ. ಅರಸೀಕೆರೆಯಲ್ಲಿ ಉಂಡೆ ಕೊಬ್ಬರಿ ವ್ಯಾಪಾರ, ವಯಸ್ಸು ಅರವತ್ತು ದಾಟಿದೆ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಮಠಕ್ಕೆ ನಡೆದುಕೊಳ್ಳುವ ಮನೆತನ. ಹೆಂಡ ಮುಟ್ಟಿದವರಲ್ಲ. ಅವರು ಬಂದದ್ದು ಕಾರು ಓಡಿಸಲಿಕ್ಕೆ. ಕುಡಿದು ಗಾಡಿ ಓಡಿಸಬಾರದೆಂದು ಸತೀಶ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಹಳೇ ಸ್ನೇಹಿತ ಎಂದು ಸಿದ್ದಬಸಪ್ಪ, "ನಾನೇ ಬತ್ತೀನಿ ನಡೀರಿ, ನಂಗೂ ಕೆರೆ ಗಾಳಿ ಕುಡ್ದಂಗಾಯ್ತದೆ" ಎಂದು ಹೊರಟರು. ಮೊದಲ ದಿನ ದೂರ ಕೂತು ಕಡಲೆಕಾಯಿ ಬಿಡಿಸುತ್ತಿದ್ದವರ ಮುಂದೆ ಸತೀಶ ತಮಾಷೆಗೆ ಗ್ಲಾಸು ಹಿಡಿದ. ಸಿದ್ದಬಸಪ್ಪ ಕರಡಿಗೆಯನ್ನು ಅಂಗಿಯೊಳಗೆ ಸರಿಸಿ, ಕಣ್ಣು ಮುಚ್ಚಿ, ಕೊಬ್ಬರಿ ಮೂಸುವಂತೆ ಎರಡು ಸಲ ಚಿಕ್ಕದಾಗಿ ಎಳೆದುಕೊಂಡರು.

"ಹಳೇ ಬೆಲ್ಲದ ಮಡಕೆ ಕಣ್ರೀ. ಆಮೇಲೆ ಮಾಗಿದ ಬಾಳೆಹಣ್ಣು. ತಳದಲ್ಲಿ ಸುಟ್ಟ ಮರ ಐತೆ."

ಹೇಮಾಶ್ರೀ ಒಳಗೆ ಓಡಿಹೋಗಿ ಬಾಟಲಿಯ ಪೆಟ್ಟಿಗೆ ತಂದು ಅದರ ಮೇಲಿದ್ದ ಇಂಗ್ಲಿಷನ್ನು ಓದಿದಳು. ಅದು ಅಮೆರಿಕದ ಬೋರ್ಬನ್ ವಿಸ್ಕಿ. ಕಾಕಂಬಿ, ಬಾಳೆಹಣ್ಣು, ಒಳಮೈ ಸುಟ್ಟ ಓಕ್ ಪೀಪಾಯಿ ಎಂದೇ ಬರೆದಿತ್ತು. ನಲವತ್ತು ವರ್ಷ ಕೊಬ್ಬರಿಯ ಮುಗ್ಗಲು, ಗಂಧಕದ ಹೊಗೆ, ಅಟ್ಟದ ತೇವ ಎಲ್ಲವನ್ನೂ ಮೂಗಿನಲ್ಲೇ ಅಳೆದವರಿಗೆ ಅದೇನೂ ದೊಡ್ಡದಾಗಿರಲಿಲ್ಲ. ಅಂದಿನಿಂದ ಅವರೂ ತೀರ್ಪುಗಾರರಾದರು, ಮೊದಲ ಇಪ್ಪತ್ತೈದು ಅಂಕಕ್ಕೆ ಮಾತ್ರ. ಹೆಂಡತಿ ಗುರುಸಿದ್ದಮ್ಮ ಕೇಳಿದಾಗ, "ಮೂಸಿದ್ರೆ ಪಾಪ ಅಂತ ಯಾರೂ ಹೇಳಿಲ್ಲ ಕಣೇ" ಎಂದರಂತೆ. "ಪುಣ್ಯ ಅಂತಲೂ ಹೇಳಿಲ್ಲ" ಎಂದು ಆಕೆ ಅಂದಳಂತೆ.

ಅಂಕಗಳನ್ನು ಹಾಕಲಿಕ್ಕೆ 'ಎರಡು ಚಮಚ' ಎಂದು ಒಂದು ವಾಟ್ಸಾಪ್ ಗುಂಪಾಯಿತು. ತುಮಕೂರು, ಶಿವಮೊಗ್ಗ, ಚಿತ್ರದುರ್ಗ ಅಂತ ನಾನೂರು ಜನ ಸೇರಿದರು. ಸತೀಶನ ಕನ್ನಡದ ವಿವರಣೆಗಳನ್ನು ಜನ ಇಷ್ಟಪಟ್ಟು ಓದುತ್ತಿದ್ದರು. ಅಂತಿಮ ಅಂಕ ಅವನದೇ. ಯಾಕೆಂದರೆ ಅಂಕ ಕೊಡುವವರಲ್ಲಿ ಮೂಗು, ನಾಲಿಗೆ ಎರಡೂ ಇದ್ದವನು ಅವನೊಬ್ಬನೇ.

ಆ ಮೂಗು ಈಗ ಹೋಗಿತ್ತು. ನಾಲಿಗೆಯೂ ಅದರ ಜೊತೆಗೇ ಹೊರಟುಹೋಗಿದೆ ಎಂದು ಅವನಿಗೆ ತಿಳಿದದ್ದು ಮಾರ್ಚ್ ತಿಂಗಳ ಭಾನುವಾರ, ಮೊದಲ ಗ್ಲಾಸು ಬಾಯಿಗಿಟ್ಟಾಗ. ಉರಿ ಇತ್ತು, ಸಿಹಿ ಇತ್ತು. ಅದು ಯಾವ ದೇಶದ್ದೆಂದು ಹೇಳುವ ಒಂದು ಎಳೆಯೂ ಇರಲಿಲ್ಲ. ಸಿದ್ದಬಸಪ್ಪ, ಹೇಮಾಶ್ರೀ ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು. "ಕೈ ತೊಳೆದು ಬರ್ತೀನಿ" ಎಂದು ಎದ್ದು ಒಳಗೆ ಹೋದ. ಮೇಜಿನ ಮೇಲೆ ಮೂರು ಬಾಟಲಿ ಸುರಿದ ಕ್ರಮದಲ್ಲೇ ಸಾಲಾಗಿ ನಿಂತಿದ್ದವು. ಹೆಸರು ನೋಡಿಕೊಂಡು ಬಂದು, ಅಂಥವುಗಳ ಬಗ್ಗೆ ಹಿಂದೆ ಓದಿದ್ದನ್ನು, ಬರೆದದ್ದನ್ನು ನೆನೆಸಿಕೊಂಡು ಹೇಳಿದ. ಯಾರಿಗೂ ಅನುಮಾನ ಬರಲಿಲ್ಲ. ಏಪ್ರಿಲ್‌ನಲ್ಲೂ ಹಾಗೇ ಮಾಡಿದ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಅವನನ್ನು ಎಲ್ಲರೂ ಕೇಳಿದರು. ಮೊದಲ ದಿನ ಹೇಳದಿದ್ದುದರಿಂದ ಎರಡನೇ ದಿನ ಹೇಳುವುದು ಕಷ್ಟವಾಯಿತು, ಅಷ್ಟೇ. ಡ್ಯೂಟಿಯಲ್ಲಿ ಮಾತ್ರ ಅವನು ಮೋಸ ಮಾಡಲಿಲ್ಲ. ಮೂಗನ್ನು ನಂಬುವ ಹಾಗಿಲ್ಲವೆಂದು ಗಾಡಿ ನಿಂತ ಕಡೆಯಲ್ಲೆಲ್ಲ ಇಳಿದು, ಕೊನೆಯ ವ್ಯಾಗನ್ನಿನಿಂದ ಎಂಜಿನ್ನಿನವರೆಗೆ ನಡೆದು, ಒಂದೊಂದು ಗಾಲಿಯ ಹತ್ತಿರವೂ ಅಂಗೈ ಹಿಡಿದು ಕಾವು ನೋಡುತ್ತಿದ್ದ. ಲೋಕೋ ಪೈಲಟ್ ಸುನಿಲ್, "ಏನ್ ಸಾರ್, ಡಾಕ್ಟ್ರು ವಾಕಿಂಗ್ ಹೇಳಿದಾರಾ?" ಎಂದು ರೇಗಿಸುತ್ತಿದ್ದ.

ಏಪ್ರಿಲ್ ಕೊನೆಯಲ್ಲಿ ಚಿತ್ರದುರ್ಗದಿಂದ ಒಬ್ಬರು ಗುಂಪಿನಲ್ಲಿ ಬರೆದರು: 'ಸಾರ್, ನೀವು ಮಾರ್ಚಿನಲ್ಲಿ ಎಂಬತ್ತೊಂಬತ್ತು ಕೊಟ್ಟಿದ್ದ ಮಾಲ್ಟನ್ನು ನಮ್ಮ ತಂದೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ತಂದೆ. ನಿಮ್ಮ ವರ್ಣನೆ ಓದಿ ಹೇಳುತ್ತಾ ಇಬ್ಬರೂ ರುಚಿ ನೋಡಿದೆವು.' ಸತೀಶ ಅದನ್ನು ಮೂರು ಸಲ ಓದಿದ.

ಮೇ ತಿಂಗಳಲ್ಲಿ ಹೇಮಾಶ್ರೀ ವಿಶೇಷವಾದದ್ದೊಂದು ತೆಗೆದಿದ್ದಳು. ಸ್ಕಾಟ್ಲೆಂಡಿನ ದಂಪತಿ ಕೊಟ್ಟು ಹೋಗಿದ್ದ, ಹದಿನಾರು ವರ್ಷ ಪೀಪಾಯಿಯಲ್ಲಿ ಕಳೆದಿದ್ದ, ಅಲ್ಲಿನ ದ್ವೀಪವೊಂದರ ಮಾಲ್ಟು. ಸೀಲು ಒಡೆದದ್ದು ಅಂದೇ. ಸತೀಶ ಎಂದಿನಂತೆ ಕೈ ತೊಳೆಯಲು ಹೋಗಿ ಬಂದ. ಎರಡನೇ ಗ್ಲಾಸು ಅದು ಎಂದು ತಿಳಿದುಕೊಂಡಿದ್ದ.

"ಹೊಗೆ. ಸಮುದ್ರದ ಉಪ್ಪು. ಒಳಗೆಲ್ಲೋ ಒಣದ್ರಾಕ್ಷಿ, ಹುಣಸೆ ಸಿಪ್ಪೆ" ಎಂದು ನಿಧಾನವಾಗಿ ಹೇಳಿದ. "ಮೂಗಿಗೆ ಇಪ್ಪತ್ಮೂರು."

ಸಿದ್ದಬಸಪ್ಪ ಗ್ಲಾಸನ್ನು ಮೂಗಿನಿಂದ ದೂರ ಹಿಡಿದಿದ್ದರು. "ನಂದು ಆರು" ಎಂದರು.

"ಆರಾ?"

"ಮಳೇಲಿ ನೆಂದ ಗೋಣಿಚೀಲ ಕಣ್ರೀ ಇದು. ಗೋಡೌನ್ ಮೂಲೇಲಿ ಮರ್ತು ಬಿಟ್ಟಿರ್ತೀವಲ್ಲ, ಅದು."

ಹೇಮಾಶ್ರೀಯೂ ಬಾಟಲಿಯನ್ನು ಹೊರಗೇ ತಂದು ಮೂಸಿ ಮುಖ ಸೊಟ್ಟಗೆ ಮಾಡಿದಳು. "ಕಾರ್ಕು ಕೆಟ್ಟಿರಬೇಕು ಸತೀಶಣ್ಣ. ಒಂದೊಂದು ಸಲ ಹಾಗಾಗತ್ತೆ ಅಂತಾರೆ."

ಅಲ್ಲಿಗೆ ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಸತೀಶ ಹಟ ಹಿಡಿದ. ಇದು ಹಳೇ ದ್ವೀಪದ ಮಾಲ್ಟಿನ ಲಕ್ಷಣ, ನಿಮಗೆ ಅಭ್ಯಾಸವಿಲ್ಲ, ಮಣ್ಣಿನ ಗುಣ ಹಾಗೇ ಇರುತ್ತದೆ ಎಂದೆಲ್ಲ ವಾದಿಸಿದ. ದನಿ ಏರಿತು. ಹೇಮಾಶ್ರೀ, "ಸರಿ, ನೀವು ಹಾಗಂದ್ರೆ ಹಾಗೇ" ಎಂದು ಗ್ಲಾಸುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ವಾಪಸು ಬರುವಾಗ ಸಿದ್ದಬಸಪ್ಪ ತಮ್ಮ ಪಕ್ಕದ ಕಿಟಕಿಯನ್ನು ಪೂರ್ತಿ ಇಳಿಸಿಕೊಂಡು ಓಡಿಸುತ್ತಿದ್ದರು. ಜಾವಗಲ್ ದಾಟಿದ ಮೇಲೆ ಒಂದು ಹುಣಸೆಮರದ ನೆರಳು ಕಂಡಿದ್ದೇ ಗಾಡಿ ನಿಲ್ಲಿಸಿದರು.

"ಸತೀಶಪ್ಪ, ಹಿಂದಿನ ಸೀಟ್ನಲ್ಲಿ ಏನೈತೆ ನೋಡಿ."

ಸತೀಶ ತಿರುಗಿ ನೋಡಿದ. "ಸಾಮಾನಿನ ಚೀಲ. ಇಂಗಿನ ಡಬ್ಬಿ ಉರುಳಿ ಮುಚ್ಚಳ ಬಿಚ್ಕೊಂಡಿದೆ."

"ಯಾವಾಗ ಬಿಚ್ಕಂತು ಗೊತ್ತಾ? ಹಳೇಬೀಡು ದಾಟೋವಾಗ ಗುಂಡಿಗೆ ಇಳಿಸಿದ್ನಲ್ಲ, ಅವಾಗ. ನಂಗೆ ಕಣ್ಣಲ್ಲಿ ನೀರು ಬತ್ತಾ ಐತೆ. ಈಗ ಕಿಟಕಿ ಇಳಿಸ್ತೀರಿ, ಇನ್ನೊಂಚೂರು ದೂರಕ್ಕೆ ಇಳಿಸ್ತೀರಿ ಅಂತ ನೋಡ್ತಾನೇ ಇವ್ನಿ."

ಸತೀಶ ತನ್ನ ಪಕ್ಕದ ಗಾಜನ್ನು ನೋಡಿದ. ಅದು ಮೇಲಿನವರೆಗೂ ಮುಚ್ಚಿತ್ತು. ಎರಡೂ ಕೈಗಳಿಂದ ಮುಖ ಒರೆಸಿಕೊಂಡ.

"ಎಷ್ಟು ದಿನ ಆಯ್ತು?" ಎಂದು ಸಿದ್ದಬಸಪ್ಪ ಮೆತ್ತಗೆ ಕೇಳಿದರು.

"ಮೂರು ತಿಂಗಳು ಹತ್ರ. ಆ ಜ್ವರ ಬಂತಲ್ಲ, ಅವಾಗಿಂದ. ಏನೂ ಗೊತ್ತಾಗ್ತಿಲ್ಲ ಸಿದ್ದಬಸಪ್ಪನೋರೇ. ಬಾಟ್ಲಿ ಕದ್ದು ನೋಡಿ ಹೇಳ್ತಿದ್ದೆ."

"ಮನೇಲಿ?"

"ಅವಳಿಗೂ ಹೇಳಿಲ್ಲ."

ಸಿದ್ದಬಸಪ್ಪ ಬೈಯುತ್ತಾರೆಂದು ಅವನು ಕಾದ. ಅವರು ಇಳಿದು, ಹಿಂದಿನ ಬಾಗಿಲು ತೆಗೆದು, ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ಬಂದು ಕೂತರು. "ಕಣ್ಣು ಮಂಜಾದ್ರೆ ಕನ್ನಡಕ ಹಾಕ್ಕಂತೀವಿ, ಯಾರ್ಗೂ ನಾಚ್ಕೆ ಇಲ್ಲ. ಮೂಗಿಗ್ಯಾಕೆ ಇಷ್ಟು ಮರ್ಯಾದೆ?" ಎಂದು ಗಾಡಿ ಸ್ಟಾರ್ಟ್ ಮಾಡಿದರು. ಬಾಣಾವರ ಬರುವಷ್ಟರಲ್ಲಿ ಇಬ್ಬರೂ ಮಾಮೂಲಿನಂತೆ ಮಾತಾಡುತ್ತಿದ್ದರು.

ಶಾಲೆಗೆ ರಜೆ. ರಾಣಿ ಅಡುಗೆಮನೆಯ ನೆಲದ ಮೇಲೆ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ಸತೀಶ ಚಪ್ಪಲಿ ಬಿಟ್ಟು ಬಂದು ಅವಳ ಎದುರೇ ಕೂತು, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ರಾಣಿ ಚಾಕು ಕೆಳಗಿಟ್ಟಳು.

"ಹಾಗಾದ್ರೆ ನನ್ನ ಮೇಲೆ ಬೇಜಾರಿಲ್ವಾ?"

"ನಿನ್ಮೇಲಾ? ಯಾಕೆ?"

"ಮೂರು ತಿಂಗಳಿಂದ ಸಾರು ಚೆನ್ನಾಗಿದೆ ಅಂತಿಲ್ಲ, ಕೆಟ್ಟಿದೆ ಅಂತಿಲ್ಲ. ಮೊದಲೆಲ್ಲ ಗೇಟ್ ಹತ್ರಾನೇ ಹುಳಿಯೋ ಬಸ್ಸಾರೋ ಅಂತ ಕೂಗ್ತಿದ್ರಿ. ಈಗ ಬರ್ತೀರಿ, ಉಣ್ತೀರಿ, ಏಳ್ತೀರಿ. ನಂದೇ ಏನೋ ತಪ್ಪು ಅನ್ಕೊಂಡು ಮೂರು ಸಲ ಸಾರಿನಪುಡಿ ಬದಲಾಯ್ಸಿದೀನಿ ಕಣ್ರೀ!"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಸತೀಶನಿಗೆ ಈ ಬದಿಯೊಂದಿದೆ ಎಂದು ಹೊಳೆದೇ ಇರಲಿಲ್ಲ. ಮಾವಿನಕಾಯಿಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡು, "ಹುಳಿ ಮಾತ್ರ ಗೊತ್ತಾಗ್ತಿದೆ. ಬಹಳ ಚೆನ್ನಾಗಿದೆ" ಎಂದ. ರಾಣಿ ಅವನ ಕೈ ಮೇಲೆ ಒಂದು ಏಟು ಕೊಟ್ಟು, ಇನ್ನೊಂದು ಚಾಕು ತಂದು ಅವನ ಮುಂದಿಟ್ಟಳು. ಇಬ್ಬರೂ ಸೇರಿ ಕಾಯಿ ಹೆಚ್ಚಿ ಮುಗಿಸಿದರು.

ಮಾರನೆಯ ದಿನ ಬೆಳಿಗ್ಗೆ ಹೇಮಾಶ್ರೀಗೆ ಫೋನು ಮಾಡಿ ಕ್ಷಮೆ ಕೇಳಿದ. ಅವಳು, "ನೀವು ಬೈದಿದ್ದಕ್ಕೆ ಬೇಜಾರಾಗಿತ್ತು, ಈಗ ಹೋಯ್ತು. ಆದ್ರೆ ಕೈ ತೊಳೆಯೋ ನೆಪ ಇನ್ನು ನಡೆಯಲ್ಲ" ಎಂದಳು. ಆಮೇಲೆ ಗುಂಪಿನಲ್ಲಿ ಬರೆದ. 'ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಾನು ಕೊಟ್ಟ ಆರು ವಿಸ್ಕಿಗಳ ಅಂಕ ಸುಳ್ಳು. ನನ್ನ ಮೂಗು ಕೆಲಸ ಮಾಡುತ್ತಿಲ್ಲ. ಬಾಟಲಿಯ ಹೆಸರು ನೋಡಿ ಕೊಟ್ಟದ್ದು. ಸಿದ್ದಬಸಪ್ಪನವರ ವಾಸನೆಯ ಅಂಕಗಳನ್ನು ಮಾತ್ರ ನಂಬಿ.' ಕಳಿಸಿ, ಫೋನನ್ನು ತಲೆದಿಂಬಿನ ಕೆಳಗಿಟ್ಟು, ಸ್ಟೇಷನ್ನಿನ ಕವಲು ಹಳಿಯಲ್ಲಿ ನಿಂತಿದ್ದ ಸಿಮೆಂಟಿನ ಗೂಡ್ಸ್ ಗಾಡಿ ಹತ್ತಲು ಹೋದ.

ಮರುದಿನ ಬಂದು ನೋಡಿದರೆ ಅರವತ್ತೇಳು ಸಂದೇಶ. ಇಬ್ಬರು ಮಾತ್ರ ಸಿಟ್ಟಾಗಿ ಗುಂಪು ಬಿಟ್ಟಿದ್ದರು. ಉಳಿದವರಲ್ಲಿ ಹನ್ನೊಂದು ಜನ ತಮಗೂ ಹೀಗೇ ಆಗಿತ್ತು ಎಂದು ಬರೆದಿದ್ದರು. ಒಬ್ಬರಿಗೆ ಎಂಟು ತಿಂಗಳಿಗೆ ವಾಪಸು ಬಂದಿತ್ತು, ಇನ್ನೊಬ್ಬರಿಗೆ ಅರ್ಧ ಬಂದಿತ್ತು. ಚಿತ್ರದುರ್ಗದವರು ಬರೆದಿದ್ದರು: 'ಸಾರ್, ಅಪ್ಪನಿಗೆ ಹೇಳಿದೆ. ಅವರು ನಕ್ಕರು. ವರ್ಣನೆ ಸುಳ್ಳಾದರೇನು, ವಿಸ್ಕಿ ಚೆನ್ನಾಗಿತ್ತಲ್ಲ ಅಂದರು.'

ಹಾಸನದ ಕಿವಿಮೂಗು ವೈದ್ಯರು ಪರೀಕ್ಷೆ ಮಾಡಿ, ಒಳಗೆ ಗಡ್ಡೆಗಿಡ್ಡೆ ಏನೂ ಇಲ್ಲ, ವೈರಸ್ಸಿನಿಂದ ಆದದ್ದು, ಬಂದರೂ ಬರಬಹುದು, ತಾಳ್ಮೆ ಬೇಕು ಎಂದರು. ಮಾತ್ರೆ ಕೊಡಲಿಲ್ಲ. ನಾಲ್ಕು ಬೇರೆ ಬೇರೆ ವಾಸನೆಗಳನ್ನು ದಿನಕ್ಕೆರಡು ಸಲ, ಒಂದೊಂದನ್ನು ಇಪ್ಪತ್ತು ಸೆಕೆಂಡು ಮೂಸಬೇಕು, ಮೂಸುವಾಗ ಅದರ ವಾಸನೆ ಹೇಗಿತ್ತೆಂದು ನೆನೆಸಿಕೊಳ್ಳಬೇಕು, ತಿಂಗಳುಗಟ್ಟಲೆ ಬಿಡಬಾರದು. ಲವಂಗ, ನಿಂಬೆ, ನೀಲಗಿರಿ ಎಣ್ಣೆ, ಗುಲಾಬಿ ಎಂದು ಚೀಟಿ ಬರೆದುಕೊಟ್ಟರು.

ಚೀಟಿ ನೋಡಿ ಸಿದ್ದಬಸಪ್ಪ, "ಗುಲಾಬಿ ನಮ್ಗಾಗಲ್ಲ. ಅದ್ರ ಬದ್ಲು ಕೊಬ್ಬರಿ" ಎಂದು ತೀರ್ಮಾನಿಸಿದರು. ಡ್ಯೂಟಿ ಇಲ್ಲದ ದಿನ ಬೆಳಿಗ್ಗೆ ಸತೀಶ ಅವರ ಅಂಗಡಿಗೆ ಹೋಗಬೇಕು. ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರಬೇಕು. ಅವರು ಒಂದೊಂದಾಗಿ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಕೊಬ್ಬರಿಯ ಸರದಿ ಬಂದಾಗ ಪಾಠವೂ ಇರುತ್ತಿತ್ತು. "ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿರೋ ಕಾಯಿ ಇದು. ಕೆಳಗೆ ಒಲೆ ಹೊಗೆ. ನೀರೆಲ್ಲ ಹೀರ್ಕಂಡು ಚಿಪ್ಪಲ್ಲಿ ಗಡಗಡ ಅಂತೈತೆ. ನೆನೆಸ್ಕಳ್ಳಿ." ಕೊಬ್ಬರಿ ತರುವ ರೈತರು ಮೊದಮೊದಲು ನಗುತ್ತಿದ್ದರು. ಆಮೇಲೆ ಅವರೂ ಮನೆಯಿಂದ ಏನೇನೋ ತರತೊಡಗಿದರು. ಒಬ್ಬರು ಕರಿಬೇವು, ಒಬ್ಬರು ಒಣಶುಂಠಿ, ಒಬ್ಬರು ಹೋತದ ಕೊರಳಿನ ಹಗ್ಗ.

ಎರಡನೇ ಭಾನುವಾರ ನಿಲ್ಲಲಿಲ್ಲ. ಜೂನ್‌ನಿಂದ ಕೆಲಸ ಅದಲುಬದಲಾಯಿತು. ಒಳಗೆ ಸುರಿದು ಚೀಟಿ ಅಂಟಿಸಿ ತರುವವನು ಸತೀಶ, ರುಚಿ ನೋಡಿ ಅಂಕ ಕೊಡುವವಳು ಹೇಮಾಶ್ರೀ. ಮೊದಲ ತಿಂಗಳು ಅವನಿಗೆ ಹೊಟ್ಟೆಯುರಿದದ್ದು ನಿಜ. ತಟ್ಟೆ ಹಿಡಿದು ನಿಂತು, ಬೇರೆಯವರ ಮುಖದ ಮೇಲೆ ವಾಸನೆ ಮೂಡುವುದನ್ನು ನೋಡಬೇಕಿತ್ತು. ಆದರೆ ಹೇಮಾಶ್ರೀ ಹೇಳುವ ರೀತಿಯೇ ಬೇರೆ. ಒಂದು ಮಾಲ್ಟಿಗೆ ಅವಳು, "ಬೇಲೂರಿನಲ್ಲಿ ಮಂಗಳಾರತಿ ಆಗಿ ಜನ ಹೋದ ಮೇಲೆ ನವರಂಗದಲ್ಲಿ ಒಬ್ಬಳೇ ನಿಂತ ಹಾಗಿದೆ. ಎಣ್ಣೆ, ಬತ್ತಿ, ತಣ್ಣನೆ ಕಲ್ಲು" ಎಂದಳು. ಸತೀಶ ಅದನ್ನು ಹಾಗೇ ಬರೆದುಕೊಂಡ. ಬರೆಯುವಾಗ ತಾನು ಎಂಟು ವರ್ಷದಲ್ಲಿ ಹೇಳಿದ್ದೆಲ್ಲ ಬರೀ ಡಬ್ಬಿಯ ಸಾಮಾನುಗಳ ಹೆಸರು ಅನ್ನಿಸಿತು. ಆಮೇಲೆ ಹೊಟ್ಟೆಯುರಿ ಕಡಿಮೆಯಾಯಿತು. ಅವಳು ಏನು ಹೇಳುತ್ತಾಳೋ ಎಂದು ಕಾಯುವುದೇ ಒಂದು ಸುಖವಾಯಿತು. ಆ ತಿಂಗಳುಗಳ ಪುಟಗಳನ್ನು ಗುಂಪಿನವರು ಹೆಚ್ಚು ಮೆಚ್ಚಿದರು. ಅದೂ ಅವನಿಗೆ ಹಿತವಾಗಿಯೇ ಇತ್ತು.

ಸೆಪ್ಟೆಂಬರಿನಲ್ಲಿ ಏನೋ ಶುರುವಾಯಿತು, ಆದರೆ ತಪ್ಪುತಪ್ಪಾಗಿ. ಲವಂಗ ಸುಟ್ಟ ರಬ್ಬರಿನಂತೆ, ನಿಂಬೆ ಸೀಮೆಎಣ್ಣೆಯಂತೆ. ಕಾಫಿ ಮಾತ್ರ ಸಹಿಸಲಾಗದಷ್ಟು ಕೆಟ್ಟದಾಗಿ ನಾರಿತು. ರಾಣಿ ಎರಡು ತಿಂಗಳು ಪಕ್ಕದ ಮನೆಗೆ ಹೋಗಿ ಕಾಫಿ ಕುಡಿದು ಬಂದಳು. "ಕೆಟ್ಟದ್ದಾದ್ರೂ ಬತ್ತಾ ಐತಲ್ಲ, ದಾರಿ ಬಿಟ್ಟೈತೆ ಅಂತ ಲೆಕ್ಕ" ಎಂದರು ಸಿದ್ದಬಸಪ್ಪ.

ನವೆಂಬರಿನ ಒಂದು ಬೆಳಿಗ್ಗೆ. ಲವಂಗ ಆಯಿತು, ನಿಂಬೆ ಆಯಿತು, ನೀಲಗಿರಿ ಆಯಿತು. ಸಿದ್ದಬಸಪ್ಪ ಹೊಸ ರಾಶಿಯಿಂದ ಒಂದು ಉಂಡೆ ಎತ್ತಿ ಹಿಡಿದರು. ಸತೀಶ ಹುಬ್ಬು ಗಂಟಿಕ್ಕಿದ. ಇನ್ನೊಂದು ಸಲ ಮೂಸಿದ.

"ಸಿದ್ದಬಸಪ್ಪನೋರೇ, ಇದು ಮುಗ್ಗಲು."

"ಇಲ್ಲ ಬಿಡಿ, ಮೊದಲ್ನೇ ದರ್ಜೆ ಮಾಲು. ಈಗ್ತಾನೆ ನಾನೇ ನೋಡಿ ತಗಂಡಿದ್ದು."

"ಮುಗ್ಗಲು ಅಂತೀನಲ್ಲ. ಒದ್ದೆ ಗೋಣಿಚೀಲ."

ಸಿದ್ದಬಸಪ್ಪ ಉಂಡೆಯನ್ನು ತಮ್ಮ ಮೂಗಿಗೆ ಹಿಡಿದರು. ತಲೆ ಅಲ್ಲಾಡಿಸಿದರು. ಆಮೇಲೆ ಅನುಮಾನಕ್ಕೆ ಕತ್ತಿ ತೆಗೆದು ಒಂದೇ ಏಟಿಗೆ ಎರಡು ಹೋಳು ಮಾಡಿದರು. ಒಳಗಿನ ಬಿಳುಪಿನಲ್ಲಿ, ಉಗುರಿನಷ್ಟು ಅಗಲ, ಬೂದುಬಣ್ಣದ ಬೂಷ್ಟು.

ಅಂಗಡಿಯಲ್ಲಿದ್ದ ರೈತರಿಬ್ಬರು ಹತ್ತಿರ ಬಂದು ಬಗ್ಗಿ ನೋಡಿದರು. ಸಿದ್ದಬಸಪ್ಪ ಹೋಳನ್ನು ತಿರುಗಿಸಿ ತಿರುಗಿಸಿ ನೋಡಿ, ಮೆಲ್ಲಗೆ ನಗತೊಡಗಿದರು. ನಗು ಜೋರಾಗಿ ಕೆಮ್ಮಿಗೆ ತಿರುಗಿತು. "ನನ್ನ ಅಂಗಡೀಲಿ ಕೂತ್ಕಂಡು ನನ್ನ ಮಾಲಿಗೇ ಹೆಸರಿಟ್ರಲ್ರೀ! ಲೇ, ಯಾರಾದ್ರೂ ಇವ್ರಿಗೆ ಕಾಫಿ ತಂದ್ಕೊಡ್ರೋ!"

"ಕಾಫಿ ಬೇಡ, ಟೀ" ಎಂದ ಸತೀಶ. ಅವನ ಕಣ್ಣು ತುಂಬಿತ್ತು. ಒಂಬತ್ತು ತಿಂಗಳ ಮೇಲೆ ಅವನ ಮೂಗು ಹೇಳಿದ ಮೊದಲ ನಿಜ ಅದು.

ಎಲ್ಲವೂ ವಾಪಸು ಬರಲಿಲ್ಲ. ಹೊಗೆ ಬಂತು, ಹುರಿದದ್ದು ಬಂತು, ಬೆಲ್ಲ ಬಂತು. ಹೂವುಗಳು ಬರಲಿಲ್ಲ. ಹಣ್ಣುಗಳಲ್ಲಿ ಬಾಳೆ ಬಂದು, ಕಿತ್ತಳೆ ಬಾಗಿಲಲ್ಲೇ ನಿಂತಿತು. ಡಿಸೆಂಬರಿನ ಎರಡನೇ ಭಾನುವಾರಕ್ಕೆ ಹೊರಡುವಾಗ ರಾಣಿ ತಾನೂ ಬರುತ್ತೇನೆಂದಳು. ಇಷ್ಟು ವರ್ಷದಲ್ಲಿ ಅವಳು ಬಂದಿರಲಿಲ್ಲ. ಸಿದ್ದಬಸಪ್ಪನವರ ಕಾರಿನ ಹಿಂದಿನ ಸೀಟಿನಲ್ಲಿ, ಗುರುಸಿದ್ದಮ್ಮ ಕಳಿಸಿದ್ದ ಹೋಳಿಗೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಳು.

ಬೇಲೂರು, ಹಳೇಬೀಡು ಎರಡು ದಿನ ಸುತ್ತಾಡಿದ ಅಮೆರಿಕದವರೊಬ್ಬರು ಕೊಟ್ಟ ಹೊಸ ಬೋರ್ಬನ್ ಬಂದಿತ್ತು. ಅದರ ಜೊತೆ ನಮ್ಮ ನಾಡಿನದೇ ಎರಡು ಮಾಲ್ಟು. ಹೇಮಾಶ್ರೀ, "ಇವತ್ತು ಸುರಿಯೋಳು ನಾನೇ. ಸತೀಶಣ್ಣ, ಕೈ ಇಲ್ಲೇ ತೊಳ್ಕೊಳ್ಳಿ" ಎಂದು ಹಿತ್ತಲ ನಲ್ಲಿ ತೋರಿಸಿ ಒಳಗೆ ಹೋದಳು. ಕೆರೆಯ ಮೇಲೆ ಬಿಸಿಲು ಚೆಲ್ಲಿತ್ತು. ಹೊಲದಲ್ಲಿ ಜೋಳ ಮುರಿದು ಮುಗಿದಿತ್ತು, ಒಣದಂಟು ಗಾಳಿಗೆ ಸದ್ದು ಮಾಡುತ್ತಿತ್ತು.

ಮೊದಲ ಗ್ಲಾಸು. ಸತೀಶ ಅವಸರ ಮಾಡಲಿಲ್ಲ. ಮೂಸಿದ, ದೂರ ಹಿಡಿದ, ಮತ್ತೆ ಮೂಸಿದ. ಎರಡು ಹನಿ ನೀರು ಬಿಟ್ಟು ಬಾಯಿಗಿಟ್ಟುಕೊಂಡ. ಎಲ್ಲರೂ ಕಾದರು.

"ಬೆಲ್ಲ ಇದೆ. ಸುಟ್ಟ ಮರ ಇದೆ. ನಡುವೆ ಏನೋ ಇದೆ, ಅದು ನನಗೆ ಕಾಣ್ತಿಲ್ಲ" ಎಂದ. "ನನ್ನ ಮೂಗಿಗೆ ಸಿಕ್ಕಿದ್ದಕ್ಕೆ ಹದಿನೈದು. ಸಿಗದೇ ಇದ್ದದ್ದಕ್ಕೆ ನಾನು ಅಂಕ ಕೊಡಲ್ಲ."

"ನಡುವೆ ಇರೋದು ಒಣ ಚೆರ್ರಿ ಥರದ್ದು. ನಂದು ಇಪ್ಪತ್ತೊಂದು" ಎಂದರು ಸಿದ್ದಬಸಪ್ಪ. ಕಳೆದ ವರ್ಷ ಬೇಕರಿಯಲ್ಲಿ ತಿಂದ ಮೇಲೆ ಆ ಹಣ್ಣಿನ ಹೆಸರನ್ನು ಅವರು ಎಲ್ಲಿ ಬೇಕಾದರೂ ಬಳಸುತ್ತಿದ್ದರು.

ಸತೀಶ ಎರಡನ್ನೂ ಬರೆದುಕೊಂಡ. ಅಷ್ಟರಲ್ಲಿ ರಾಣಿ, "ನನಗೊಂದು ಸಲ ಕೊಡಿ, ಅದೇನು ಅಂತ ನೋಡೇಬಿಡ್ತೀನಿ" ಎಂದು ಅವನ ಗ್ಲಾಸು ಕಿತ್ತುಕೊಂಡಳು. ಮೂಗು ಹತ್ತಿರ ತಂದು ಹಿಂದಕ್ಕೆಳೆದುಕೊಂಡಳು. ಮತ್ತೆ ತಂದಳು.

"ಇದು ನಮ್ಮ ಸ್ಕೂಲಿಗೆ ಹೊಸ ಬೆಂಚು ಬಂದಾಗ ರೂಮ್ ತುಂಬಾ ಬರುತ್ತಲ್ಲ, ಅದೇ ವಾಸನೆ. ಮರ, ಪಾಲಿಷು. ಯಾರೋ ಹುಡುಗಿ ಒಳಗೆ ಕೂತು ಮಿಠಾಯಿ ತಿಂದ ಹಾಗೂ ಇದೆ."

ಹೇಮಾಶ್ರೀ ಜೋರಾಗಿ ಚಪ್ಪಾಳೆ ತಟ್ಟಿದಳು. "ಬೋರ್ಬನ್ನಿಗೆ ಹೊಸ ಪೀಪಾಯೀನೇ ಆಗಬೇಕು ಮೇಡಂ, ಒಂದು ಸಲ ಬಳಸಿದ್ದನ್ನ ಮತ್ತೆ ಹಾಕಲ್ಲ! ಮುಸುಕಿನ ಜೋಳದ ಹೆಂಡ, ಹೊಸ ಮರ. ನೀವು ಹೇಳಿದ್ದು ಸರಿಯಾಗಿದೆ. ಅಂಕ ಕೊಡಿ, ಅಂಕ ಕೊಡಿ."

"ಕುಡೀಬೇಕಾ?"

"ನಾನು ಕುಡ್ದಿದೀನಾ?" ಎಂದರು ಸಿದ್ದಬಸಪ್ಪ.

ರಾಣಿ ಇಪ್ಪತ್ತೈದಕ್ಕೆ ಹದಿನೆಂಟು ಕೊಟ್ಟಳು. ಮೇಷ್ಟರ ಬುದ್ಧಿಗೆ, ಏಳು ಅಂಕ ಯಾಕೆ ಕಳೆದೆ ಎಂಬುದಕ್ಕೆ ಕಾರಣವನ್ನೂ ಬರೆಸಿದಳು. ನಾಲ್ಕು ಜನ, ನಾಲ್ಕು ಥರದ ಮಾತು, ಒಂದೇ ಪುಟದಲ್ಲಿ ಹಿಡಿಸದೆ ಅಂಚಿನಲ್ಲೂ ಬರೆಯಬೇಕಾಯಿತು. ರಾಣಿ ಹೋಳಿಗೆಯ ಡಬ್ಬಿ ಬಿಚ್ಚಿದಳು. ಬೇಯಿಸಿದ ಬೇಳೆ, ಬೆಲ್ಲದ ಬೆಚ್ಚಗಿನ ವಾಸನೆ ಗಾಳಿಯಲ್ಲಿ ಹರಡಿ ಸತೀಶನಿಗೆ ತಲುಪಿತು.

"ಎರಡನೇ ಗ್ಲಾಸು ಆಮೇಲೆ" ಎಂದು ಅವನು ನೋಟ್‌ಬುಕ್ಕು ಮುಚ್ಚಿ ತಟ್ಟೆಗೆ ಕೈ ಚಾಚಿದ.